ಹಂಚಿಗೆ ಅಂಜದ ಕೈ

ಕಲ್ಲೋಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭರಮವ್ವನವರ ಅಡುಗೆಮನೆಯಲ್ಲಿ ಒಲೆ ಹೊತ್ತಿದೆ, ಪರಾತದಲ್ಲಿ ಜೋಳದ ಹಿಟ್ಟು ನಾದಿಟ್ಟಿದೆ. ಮನೆಯವರೆಲ್ಲರ ಕಣ್ಣು ಮಾತ್ರ ಆಮ್ರಪಾಲಿಯವರ ಮಡಿಲಲ್ಲಿರುವ ಕೃತಕ ಕೈಯ ಮೇಲೆ. ಈ ಕೈಗಾಗಿಯೇ ಅವರು ಹುಕ್ಕೇರಿಯಿಂದ ನಿನ್ನೆ ಸಂಜೆಯ ಬಸ್ಸಿಗೆ ಬಂದು ಇಲ್ಲೇ ಉಳಿದಿದ್ದಾರೆ.

"ಬಿಗಿ ಆತೇನ್ ಆಯಿ?" ಭರಮವ್ವನವರ ಮೊಂಡು ಮುಂಗೈಗೆ ಪಟ್ಟಿ ಕಟ್ಟುತ್ತಾ ಆಮ್ರಪಾಲಿ ಕೇಳುತ್ತಾರೆ.

"ಬಿಗಿ ಇರ್ಲಿ ಬಿಡು ಯವ್ವಾ. ಆದ್ರ ಈ ಸಲಾನೂ ಆಗ್ಲಿಲ್ಲಂದ್ರ ನನಗ ಕೈನ ಬ್ಯಾಡ. ಸೊಸಿ ಬಡದ ಹಾಕಿದ್ದು ಉಂಡ ಇರ್ತೀನಿ."

ಊರಿನ ಎಷ್ಟೋ ಮದುವೆಗಳಿಗೆ ರೊಟ್ಟಿ ಬಡಿದ ಬಲಗೈ ಅದು. ಮೇವು ಕತ್ತರಿಸುವ ಮಷೀನು ಅದನ್ನು ಮಣಿಕಟ್ಟಿನವರೆಗೆ ನುಂಗಿತು. ಅಂದಿನಿಂದ ಒಲೆಯ ಮುಂದಿನ ಭರಮವ್ವನವರ ಜಾಗ ಸೊಸೆಯ ಪಾಲಾಗಿದೆ. ಊಟಕ್ಕಿಂತ ಹೆಚ್ಚಾಗಿ ಅವರಿಗೆ ಬೇಕಾಗಿರುವುದು ಆ ಜಾಗ.

ಆಮ್ರಪಾಲಿ ಕೃತಕ ಕೈಕಾಲು ಮಾಡುವುದನ್ನೇ ಓದಿದವರು. ಹುಕ್ಕೇರಿ ಪೇಟೆಯ ಹಿಂದಿನ ಒಂದು ಕೋಣೆ ಅವರ ಕಾರ್ಖಾನೆ. ಅಳತೆಗೆ, ದುರಸ್ತಿಗೆ ದಿನಕ್ಕೆ ನಾಲ್ಕೈದು ಜನ ಬರುತ್ತಾರೆ. ಬರಲಾಗದವರ ಊರಿಗೆ ಇವರೇ ಚೀಲ ಹೊತ್ತು ಹೋಗುತ್ತಾರೆ. ಚೀಲದಿಂದ ಇಣುಕುವ ಕಾಲು ನೋಡಿ ಒಮ್ಮೆ ಕಂಡಕ್ಟರ್, "ಇದಕ್ಕೂ ಟಿಕೆಟ್ ಕೊಡ್ಲೇನ್ರಿ?" ಅಂದಿದ್ದನಂತೆ. "ಇನ್ನೂ ಪೂರಾ ಮನಷ್ಯಾ ಆಗಿಲ್ರಿ, ಕಾಲಷ್ಟ ಐತಿ," ಅಂದರಂತೆ ಇವರು. ಬಸ್ಸಿಗೆ ಬಸ್ಸೇ ನಕ್ಕಿದೆ.

ಇಂಥವರಿಗೂ ಭರಮವ್ವನವರ ಕೈ ನೀರು ಕುಡಿಸಿದೆ. ಮೊದಲ ಕೈಗೆ ಉಗುರಿತ್ತು, ಗೆರೆಯಿತ್ತು, ಮೈಬಣ್ಣವಿತ್ತು. ಏನು ಚೆಂದ ಅಂತೀರಿ! ಆದರೆ ಭರಮವ್ವ ಮೊದಲಿನಿಂದಲೂ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚಿದವರು. ಹೊಸ ಕೈಯನ್ನೂ ಸೀದಾ ಕಾದ ಹಂಚಿಗೆ ಇಟ್ಟರು. ಉರಿ ಗೊತ್ತಾಗಲಿಲ್ಲ, ಹಾಗಾಗಿ ಕೈ ತೆಗೆಯಲೂ ಇಲ್ಲ. ಬೆರಳು ಕರಗಿ ರೊಟ್ಟಿಗೆ ಅಂಟಿಕೊಂಡಿತು, ಮನೆಯೆಲ್ಲ ಟೈರು ಸುಟ್ಟ ವಾಸನೆ.

ಎರಡನೆಯದು ಕಟ್ಟಿಗೆಯ ಕೈ. ಸುಡಲಿಲ್ಲ ನಿಜ, ಕಲ್ಲಿನ ಹಾಗೆ ಬಿದ್ದು ರೊಟ್ಟಿಯನ್ನೇ ಹರಿಯಿತು. "ತಪ್ಪು ನಂದರಿ," ಎನ್ನುತ್ತಾರೆ ಆಮ್ರಪಾಲಿ. "ರೊಟ್ಟಿ ಬಡಿಯೂದು ಅಂಗೈ ಅಂದ್ಕೊಂಡಿದ್ದೆ. ಖರೆ ಅಂದ್ರ ಕೆಲಸ ಎಲ್ಲಾ ಮಣಿಕಟ್ಟಿಂದು."

ತಿಳಿಯಬೇಕಾದರೆ ಬಡಿಯಬೇಕಲ್ಲ? ಮನೆಯಲ್ಲಿ ತಾವೇ ಕೂತು ಬಡಿಯತೊಡಗಿದರು. ತಾಯಿ ಸಾತವ್ವನಿಗೆ ನಗು ತಡೆಯಲಾಗಲಿಲ್ಲ. "ತನಗ ಬಡ್ಯಾಕ ಬರೂದಿಲ್ಲ, ಊರಿಗೆ ರೊಟ್ಟಿ ಬಡಿಯೋ ಕೈ ಮಾಡ್ತಾಳಂತ! ನೋಡ್ರಿ, ರೊಟ್ಟಿ ಐತೋ ನಕಾಶಿ ಐತೋ!" ಅಣಕಿಸುತ್ತಲೇ ಮಗಳ ಮಣಿಕಟ್ಟು ಹಿಡಿದು ತಿದ್ದಿದವರೂ ಅವರೇ.

ಹೀಗೆ ಹುಟ್ಟಿದ್ದು ಈ ಮೂರನೆಯ ಕೈ. ಬೆರಳಿಲ್ಲ, ಚೆಂದವೂ ಇಲ್ಲ. ತೆಳು ಕಟ್ಟಿಗೆಯ ಅಂಗೈ, ಮೇಲೆ ಬೇಕರಿಯವರು ಬಿಸಿ ತಟ್ಟೆ ಹಿಡಿಯುವ ಕೈಗವಸಿನ ರಬ್ಬರು, ಮಣಿಕಟ್ಟಿನಲ್ಲೊಂದು ಸ್ಪ್ರಿಂಗು. ಅಂಚಿನಲ್ಲಿ ರೊಟ್ಟಿ ಎತ್ತಲು ತುಟಿಯ ಹಾಗೆ ಸಣ್ಣ ಚಾಚು.

ಭರಮವ್ವ ಹಿಟ್ಟು ಉದುರಿಸಿ ಮುದ್ದೆ ಇಡುತ್ತಾರೆ. ಪಟ್. ತಡೆದು, ಮತ್ತೆ ಪಟ್. ಎಡಗೈ ತಿರುಗಿಸುತ್ತದೆ, ಬಲಗೈ ಪುಟಿಯುತ್ತದೆ. ಪಟಪಟ ಪಟಪಟ! ಹರಿಯಲಿಲ್ಲ. ರೊಟ್ಟಿ ದುಂಡಗೆ ಹರಡುತ್ತಾ ಪರಾತ ತುಂಬುತ್ತದೆ. ಎಡಗೈಯಲ್ಲಿ ಹಂಚಿಗೆ ಹಾಕಿ ನೀರು ಸವರುತ್ತಾರೆ. ಆಮೇಲೆ ಬಲಗೈ, ಅದೇ ಹಳೆಯ ಚಾಳಿ, ಸೀದಾ ಹಂಚಿಗೆ.

"ಆಯಿ, ಕೈ!" ಆಮ್ರಪಾಲಿ ಚೀರುತ್ತಾರೆ.

ಭರಮವ್ವ ನಿಧಾನವಾಗಿ ರೊಟ್ಟಿ ಮಗುಚಿ, ಒಲೆಯ ಬಾಯಿಗೆ ಎಳೆದ ಕೆಂಡಕ್ಕೆ ಆನಿಸಿ, ಉಬ್ಬುವವರೆಗೆ ಅದುಮಿ ಹಿಡಿಯುತ್ತಾರೆ. ಆಮೇಲೆ ಸೊಸೆ ನಂದಾಳತ್ತ ನೋಡುತ್ತಾರೆ, ಕಣ್ಣು ತುಂಬಿ ನಗುತ್ತಾ. "ನಿನ್ನ ಕೈ ಹಿಂಗ ಹಿಡೀತೈತೇನ?"

"ಅಕ್ಕಾರ, ನನಗೂ ಹಿಂತಾದ್ದೊಂದು ಹಚ್ರಿ," ಎನ್ನುತ್ತಾಳೆ ನಂದಾ. "ದಿನಾ ಬಟ್ಟು ಸುಟ್ಕೊಳ್ಳಾಕತ್ತೇನಿ."

"ನಿನಗ್ಯಾಕ? ನೀ ಹಿಟ್ಟು ನಾದು. ಒಲಿ ಮುಂದ ನಾ ಕೂಡ್ತೀನಿ," ಎಂದು ಅತ್ತೆ ಮಣೆ ಎಳೆದುಕೊಂಡು ಕೂರುತ್ತಾರೆ, ಇನ್ನು ಏಳುವ ಲಕ್ಷಣವಿಲ್ಲ.

ಆಮ್ರಪಾಲಿಯವರ ತಟ್ಟೆಗೆ ಮೊದಲ ರೊಟ್ಟಿ ಬೀಳುತ್ತದೆ. ಹಿಂಡಿಪಲ್ಯ ಹಚ್ಚಿಕೊಂಡು ಒಂದು ತುತ್ತು ತಿಂದು, ಉಳಿದದ್ದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ.

"ನಾ ಬಡದ್ರ ಇನ್ನೂ ನಕಾಶಿನ ಆಗತೈತ್ರಿ," ಎನ್ನುತ್ತಾರೆ. "ನನ್ನ ಕೈಗೆ ಬರದಿದ್ದು, ನಾ ಮಾಡಿದ ಕೈಗೆ ಬಂತಲ್ಲ. ಸಾಕ್ರಿ."