ಮನೆಯ ಕಂಬಳಿಗೆ ಬೆಂಕಿ ತೋರಿಸಿದ ಆಯಿ

ತಡೆಯಿರಿ, ಈಗಲೇ ಎದ್ದು ಹೋಗಬೇಡಿ. ಸಂಘ, ಸ್ವಾವಲಂಬನೆ, ಗ್ರಾಮೀಣ ಉದ್ಯಮ ಅಂತ ಯಾರಾದರೂ ಶುರು ಮಾಡಿದರೆ ನಾನೂ ಎದ್ದು ಹೋಗುವವಳೇ. ಆದರೆ ಇಲ್ಲಿ ಒಂದು ಹೆಬ್ಬೆರಳು ಬರುತ್ತದೆ. ಅದು ಬರುವ ತನಕವಾದರೂ ಕೂತಿರಿ.

ಆ ಹೆಬ್ಬೆರಳಿನ ಉಗುರು ಸುಟ್ಟು ಸುಟ್ಟು ಹುಣಸೆಬೀಜದ ಬಣ್ಣಕ್ಕೆ ತಿರುಗಿತ್ತು. ಪಕ್ಕದ ತೋರುಬೆರಳಿನ ತುದಿ ಕೊಂಬಿನ ಹಾಗೆ ಗಟ್ಟಿ. ಆ ಎರಡರ ನಡುವೆ ಒಂದು ಎಳೆ ನೂಲು ಹಿಡಿದು, ಒಲೆಯ ಕೊಳ್ಳಿಗೆ ತಾಗಿಸಿ, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುತ್ತಿದ್ದಳು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಅದು ಕುರಿಯ ಉಣ್ಣೆ. ಕರಗಿ, ಗಟ್ಟಿ ಮಣಿಯಾಗಿ ಬೆರಳಿಗೆ ಅಂಟಿಕೊಂಡರೆ ಮಿಲ್ಲಿನ ನೂಲು. ಚರ್ಮ ಸುಟ್ಟರೂ ಆಕೆಗೆ ಖುಷಿಯೇ. "ಸಿಕ್ಕ ನೋಡ ಕಳ್ಳ!" ಅನ್ನುತ್ತಿದ್ದಳು.

ಟಿಕೋಟಾ ಕಡೆಯ ಕಳ್ಳಕವಟಗಿಯಲ್ಲಿ ಕಂಬಳಿಗೆ ನೂಲುತ್ತಿದ್ದ ಅಜ್ಜಿ ಆಕೆ. ಊರಿಗೆಲ್ಲ ಆಯಿ, ಆಮೇಲೆ ನನಗೂ ಆಯಿ.

ನಮ್ಮ ಮನೆ ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರ. ಪ್ರವಾಸಿಗರಿಗೆ ಟೊಪ್ಪಿಗೆ, ಆಟಿಕೆ, ಚಳಿಗಾಲದಲ್ಲಿ ರಗ್ಗು ಮಾರುವ ಅಂಗಡಿ ಅಬ್ಬಾನದು. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿಯೇ ನೂಲುವುದು, ಬಣ್ಣ ಹಾಕುವುದು ಕಲಿತೆ. ಕಲಿತೆ ಅಂತ ನಾನು ಅಂದುಕೊಂಡಿದ್ದೆ, ಅಷ್ಟೆ. ದಾಳಿಂಬೆ ಸಿಪ್ಪೆ ಕುದಿಸಿ ಅಮ್ಮಿಯ ಬಿಳಿ ದುಪ್ಪಟ್ಟಾ ಕೆಡಿಸಿದ್ದೆ. ನಿಜವಾದ ಕಂಬಳಿ ಮಗ್ಗ ನೋಡಬೇಕು ಅಂತ ಹುಚ್ಚು ಹಿಡಿದು, ಅಂಗಡಿಯ ಒಂದು ರಗ್ಗನ್ನು ಹೋಲಿಸಿ ನೋಡಲು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿ ಆಯಿಯ ಮನೆಗೆ ಹೋದೆ.

ಆಯಿ ನನ್ನ ಚಪ್ಪಲಿಯಿಂದ ಶುರು ಮಾಡಿ ನೆತ್ತಿಯ ತನಕ ನೋಡಿದಳು.

"ಯಾರ ಕಳಿಸ್ಯಾರ ಬೇ ನಿನ್ನ?"

"ಯಾರೂ ಕಳಿಸಿಲ್ರಿ ಆಯಿ. ಕಂಬಳಿ ನೇಯೂದು ನೋಡಾಕ ಬಂದೀನಿ."

"ನೋಡಾಕ ಬಂದಾವ್ರೆಲ್ಲಾ ಏನರ ಒಯ್ಯಾಕ ಬಂದಿರ್ತಾರ. ಆ ಮೊಬೈಲ್ ಜ್ವಾಳದ ಬುಟ್ಟ್ಯಾಗ ಇಡು. ಮುಖ ಕೆಳಗ ಮಾಡಿ ಇಡು."

ಇಟ್ಟೆ. ಆಯಿ ಒಳಗಿನಿಂದ ಒಂದು ಕರಿ ಕಂಬಳಿ ತಂದು ಹಾಸಿ ನನ್ನನ್ನು ಅದರ ಮೇಲೆ ಕೂಡಿಸಿದಳು. ಎಷ್ಟು ಮರ್ಯಾದೆ ಅಂತ ನಾನು ಉಬ್ಬಿದೆ.

"ಕಂಬಳಿ ಮ್ಯಾಲ ಕುಂತು ಸುಳ್ಳ ಹೇಳಬಾರದು, ಗೊತ್ತೈತಿಲ್ಲೋ? ಈಗ ಹೇಳು. ಯಾರ ಕಳಿಸ್ಯಾರ?"

ಅಲ್ಲಿ ನೂಲುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಅದೇ ಉತ್ತರ ಕೊಟ್ಟೆ. ಆಯಿ ನಂಬಲಿಲ್ಲ. ನನ್ನ ರಗ್ಗಿನಿಂದ ಒಂದು ಎಳೆ ಕಿತ್ತು ಕೊಳ್ಳಿಗೆ ಹಿಡಿದಳು. ಅದು ಚುರ್ ಅಂತ ಕರಗಿ ಮಣಿಯಾಯಿತು.

"ಇದು ಕುರಿ ಅಲ್ಲ, ಗೊಬ್ಬರದ ಚೀಲ! ನಿಮ್ಮಪ್ಪ ಇದನ್ನ ಕಂಬಳಿ ಅಂತ ಮಾರ್ತಾನೇನು?"

"ರಗ್ಗು ಅಂತ ಮಾರ್ತಾರ್ರಿ."

"ಹಂಗಂದ್ರ ಅರ್ಧಾ ಕಳ್ಳ."

ಮನೆಗೆ ಹೋಗಿ ಇದನ್ನು ಹೇಳಿದಾಗ ಅಬ್ಬಾ, "ಆ ಮುದುಕಿ ಒಂದಿನ ನನ್ನ ಅಂಗಡೀನ ಮೂಸಿ ನೋಡ್ತಾಳ" ಅಂದ. ಆದರೂ ಮುಂದೆ ಅಂಗಡಿಯ ಬಾಗಿಲಲ್ಲಿ ಆಯಿಯ ಸಂಘದ ಕಂಬಳಿಗಳನ್ನು ನೇತು ಹಾಕಿದ. ನಾನಂತೂ ನೂಲುವುದು ಕಲಿಯುವ ನೆಪದಲ್ಲಿ ಮತ್ತೆ ಮತ್ತೆ ಆ ಬಸ್ಸು ಹತ್ತತೊಡಗಿದೆ.

ಆಯಿಯ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಆ ಊರಿಗೆ ತರಬೇತಿ ಕೊಡುತ್ತೇವೆ ಅಂತ ಬಂದವರು ಫೋಟೋ ತೆಗೆಸಿಕೊಂಡು ಹೋಗಿದ್ದರು. ಮಾದರಿಗೆ ಬೇಕು ಅಂತ ಬಂದವರು ಒಳ್ಳೆಯ ಕಂಬಳಿಗಳನ್ನೇ ಆರಿಸಿ ಒಯ್ದು ಮತ್ತೆ ಮುಖ ತೋರಿಸಿರಲಿಲ್ಲ. ಹಾಗಾಗಿ ಹೆಂಗಸರೇ ಸೇರಿ ಸಂಘ ಕಟ್ಟಿಕೊಂಡಾಗ ಆಯಿ ಹಾಕಿದ ಶರತ್ತು ಒಂದೇ: ಹೊರಗಿನಿಂದ ಬಂದ ಉಣ್ಣೆಯಿರಲಿ, ಮಾತಿರಲಿ, ಮೊದಲು ತನ್ನ ಕೊಳ್ಳಿಯ ಮುಂದೆ ಬರಬೇಕು. ಹೆಂಗಸರು ನೂಲುತ್ತಿದ್ದರು. ಆಯಿಯ ತಮ್ಮ ಮತ್ತು ಅವನ ಜೊತೆಯವರು ನೆಲದ ಗುಂಡಿಯಲ್ಲಿ ಕಾಲಿಟ್ಟು ಕೂಡುವ ಕುಣಿಮಗ್ಗದಲ್ಲಿ ನೇಯುತ್ತಿದ್ದರು. ನೇಯ್ದ ಮೇಲೆ ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಹಾಕಿದರೆ ಕಂಬಳಿ ಹಲಗೆಯಂತೆ ನಿಲ್ಲುತ್ತಿತ್ತು. ಬಬಲೇಶ್ವರದ ಸಂತೆಯಲ್ಲಿ ವ್ಯಾಪಾರಿಗೆ ಕೊಡದೆ ತಾವೇ ಕೂತು ಮಾರುತ್ತಿದ್ದರು.

ಈ ಅನುಮಾನಕ್ಕೆ ಬೆಲೆಯನ್ನೂ ತೆತ್ತಿದ್ದಳು. ಪಕ್ಕದ ಮನೆಯ ಸೊಸೆ ನೂಲುತ್ತಲೇ ಆ ಕಥೆ ಹೇಳಿದಳು. ಆಯಿಯ ಮಗಳ ನಿಶ್ಚಯಕ್ಕೆ ಗಂಡಿನವರು ರೇಷ್ಮೆ ಸೀರೆ ತಂದಿದ್ದರಂತೆ. ಆಯಿ ಎಲ್ಲರ ಮುಂದೆ ಸೆರಗಿನ ಎಳೆ ಕಿತ್ತು ದೀಪಕ್ಕೆ ಹಿಡಿದಳಂತೆ.

"ಖರೇ ರೇಷ್ಮೀನ ಇತ್ತು. ಆದ್ರ ಹುಡುಗನ ಸೋದರತ್ತಿ ಉಣ್ಣಲಾರದ ಎದ್ದು ಹ್ವಾದಳು. ಇವತ್ತಿಗೂ ಈ ಮನ್ಯಾಗ ನೀರ ಮುಟ್ಟಂಗಿಲ್ಲ."

"ರೇಷ್ಮಿ ಖರೇ ಇತ್ತು ಅಂತ ಗೊತ್ತಾತಿಲ್ಲೋ? ಅಷ್ಟ ಸಾಕು" ಅಂದಳು ಆಯಿ, ರಾಟಿಯಿಂದ ಕಣ್ಣೆತ್ತದೆ.

ಎಲ್ಲವನ್ನೂ ಸುಡುತ್ತಿದ್ದ ಆಯಿ ಸುಡದೇ ಬಿಟ್ಟದ್ದು ಒಂದಿತ್ತು. ತಮ್ಮದೇ ಮಗ್ಗದಿಂದ ಇಳಿದ ಕಂಬಳಿ. ದೇವರ ಗದ್ದುಗೆಗೆ ಹಾಸುವಂಥದ್ದು, ಮನೆಯ ಕಂಬಳಿಗೆ ಬೆಂಕಿ ತೋರಿಸಬಾರದು ಅನ್ನುವುದು ಅವರ ಕಟ್ಟಳೆ. ನಾನು ಒಮ್ಮೆ ಆಡುತ್ತಾ ಕಂಬಳಿಯ ಅಂಚು ಒಲೆಯ ಕಡೆ ಹಿಡಿದಾಗ ಕೈಗೆ ಪಟ್ಟನೆ ಏಟು ಬಿದ್ದಿತ್ತು.

ಹೀಗಿರುವಾಗ ಬೆಂಗಳೂರಿನ ಯಾವುದೋ ಸಂಸ್ಥೆಯ ಹುಡುಗ ಬಂದ. ಹಳ್ಳಿಯವರ ಕೈಕೆಲಸವನ್ನು ನಗರದಲ್ಲಿ ಮಾರಿಕೊಡುವುದು ಅವನ ಕೆಲಸ. ಲಾಭ ನಮಗಲ್ಲ, ನಿಮಗೇ ಅಂದ. ಆ ಮಾತು ಕೇಳಿದ್ದೇ ನನ್ನ ಕಿವಿಯೂ ನಿಮಿರಿತು. ಲಾಭ ಬೇಡ ಅನ್ನುವವನು ಇಷ್ಟು ದೂರ ಯಾಕೆ ಬರುತ್ತಾನೆ? ಆಯಿ ಅವನಿಗೂ ಕಂಬಳಿ ಹಾಸಿದಳು. ಆಮೇಲೆ ನನ್ನ ಕಿವಿಯಲ್ಲಿ, "ಭಾಳ ನಗತಾನ. ನಗೋ ಗಿರಾಕಿ ಮ್ಯಾಲ ಒಂದ ಕಣ್ಣ ಹೆಚ್ಚಿಗಿ ಇಡಬೇಕು" ಅಂದಳು.

ಆದರೂ ಅವನು ಕೊಟ್ಟ ದೊಡ್ಡ ಆರ್ಡರನ್ನು ಬಿಡುವ ಸ್ಥಿತಿ ಇರಲಿಲ್ಲ. ಹೆಂಗಸರು ಒಬ್ಬೊಬ್ಬರೇ ರಾಟಿ ಬಿಟ್ಟು ಒಣದ್ರಾಕ್ಷಿ ಶೆಡ್ಡುಗಳ ಕೂಲಿಗೆ ಹೋಗತೊಡಗಿದ್ದರು. ಈ ಕೆಲಸ ಕೈತಪ್ಪಿದರೆ ಮಗ್ಗದ ಕುಣಿ ಮುಚ್ಚುವುದು ಖಾತ್ರಿಯಿತ್ತು. ಆಯಿ ಒಪ್ಪಿದಳು. ಹೇಳಿದ ದಿನಕ್ಕೆ ಕಂಬಳಿಗಳು ಹೋದವು, ಪ್ರತಿಯೊಂದಕ್ಕೂ 'ಅಪ್ಪಟ ಕುರಿ ಉಣ್ಣೆ' ಅನ್ನುವ ಸಂಘದ ಚೀಟಿ ಕಟ್ಟಿ.

ಕೆಲವು ವಾರಗಳ ಮೇಲೆ ಆ ಹುಡುಗ ಒಂದು ಗಂಟು ಹೊತ್ತು ವಾಪಸು ಬಂದ. ಈ ಸಲ ನಗುತ್ತಿರಲಿಲ್ಲ. ಕೊಂಡವರು ತಿರುಗಿ ಕಳಿಸಿದ್ದಾರೆ, ಇದರಲ್ಲಿ ಮಿಲ್ಲಿನ ನೂಲಿದೆ ಅನ್ನುತ್ತಿದ್ದಾರೆ ಅಂದ.

ಆಯಿಗೆ ಇಷ್ಟು ದಿನ ಕಾದದ್ದು ಸಿಕ್ಕಂತಾಯಿತು. ರಾಟಿ ಪಕ್ಕಕ್ಕೆ ಸರಿಸಿ ಎದ್ದು ನಿಂತಳು.

"ನನಗ ಗೊತ್ತಿತ್ತಲೇ! ನಮ್ಮ ಕಂಬಳಿ ಇಟಗೊಂಡು ಯಾರದೋ ಕಂಬಳಿ ಗಂಟ ಕಟ್ಟಿ ತಂದಿ. ಮಗ್ಗ ನಮ್ಮದು, ಹೆಸರು ನಮ್ಮದು, ಕಳ್ಳತನ ನಿಂದು!"

ಹೆಂಗಸರೆಲ್ಲ ಕೂಗಾಡಿದರು. ನಾನೂ ಮನಸ್ಸಿನಲ್ಲಿ ಅವನನ್ನು ಕಳ್ಳ ಮಾಡಿ ಮುಗಿಸಿದ್ದೆ. ಹುಡುಗ ಗಂಟು ಬಿಚ್ಚಿದ. ಹಾಸಿದ ಕಂಬಳಿಯ ಮೇಲೆ ತಾನಾಗಿಯೇ ಹೋಗಿ ಕೂತ.

"ಅಜ್ಜಿ, ನಾನು ಬದಲಾಯಿಸಿಲ್ಲ. ಅಂಚು ನೋಡಿ, ನಿಮ್ಮದೇ ನೇಯ್ಗೆ ಅಲ್ವಾ? ಎಲ್ಲರದ್ದೂ ಸುಡ್ತೀರಿ. ಇದನ್ನೂ ಸುಟ್ಟು ನೋಡಿ."

ಅಂಚನ್ನು ಮುಟ್ಟಿದ್ದೇ ಆಯಿಯ ಕೈ ನಿಂತಿತು. ತಮ್ಮನ ಕೈಯ ಅಂಚು ಅದು. ಕಣ್ಣಿಗೆ ಪೊರೆ ಬಂದಿದ್ದರೂ ಬೆರಳಿಗೆ ತಿಳಿಯಿತು.

"ಮನೀ ಕಂಬಳಿಗೆ ಬೆಂಕಿ ತೋರಸಬಾರದ ಬೇ ಆಯಿ" ಅಂದಳು ಪಕ್ಕದ ಮನೆಯ ಸೊಸೆ, ಗಾಬರಿಯಿಂದ.

ಆಯಿ ಕೊಳ್ಳಿಯನ್ನು ಹತ್ತಿರ ಎಳೆದುಕೊಂಡಳು. ಉದ್ದನೆಯ ಹಾಸಿನ ಎಳೆ ಒಂದನ್ನು ಕಿತ್ತು ಸುಟ್ಟಳು. ಕೂದಲಿನ ವಾಸನೆ, ಪುಡಿ ಬೂದಿ. ಎಲ್ಲರೂ ಉಸಿರು ಬಿಟ್ಟರು. ಅಡ್ಡ ಎಳೆ ಒಂದನ್ನು ಕಿತ್ತಳು. ಅದೂ ಪುಡಿ. ಅದರ ಪಕ್ಕದ ಅಡ್ಡ ಎಳೆ ಕಿತ್ತಳು. ಅದು ಕರಗಿ ಮಣಿಯಾಗಿ ಬೆರಳಿಗೆ ಅಂಟಿತು. ಆಯಿ ಕೈ ಕೊಡವಲಿಲ್ಲ. ಈ ಸಲ ಕಳ್ಳ ಸಿಕ್ಕ ಅಂತ ಕೂಗಲೂ ಇಲ್ಲ.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ತಮ್ಮ ತಲೆ ತಗ್ಗಿಸಿದ್ದ.

"ಉಣ್ಣಿ ಸಾಲಲಿಲ್ಲಕ್ಕಾ. ಕುರಿ ಹಿಂಡೆಲ್ಲಾ ಮೇಯಾಕ ಹೊಳಿ ಕಡೆ ಹೋಗಿದ್ದವು. ಒಂದ ಎಳಿ ನಮ್ಮದು, ಒಂದ ಎಳಿ ಪ್ಯಾಟ್ಯಾಗಿನ ಮಿಲ್ಲಿಂದು ಹಾಕೀನಿ. ಹೇಳಿದ ದಿನಕ್ಕ ಕೊಡಲಿಲ್ಲಂದ್ರ ಸಂಘದ ಹೆಸರ ಹೋಗ್ತಿತ್ತು."

"ಹೆಸರ ಉಳಸಾಕ ಹೋಗಿ ಹೆಸರಿಗೇ ಬೆಂಕಿ ಹಚ್ಚಿದೆಲ್ಲೋ ತಮ್ಮಾ."

"ಊರ ಮಂದೀನೆಲ್ಲಾ ಕಂಬಳಿ ಮ್ಯಾಲ ಕುಂದರಿಸಿ ಕೇಳಿದಿ. ನನ್ನ ಒಂದಿನಾನೂ ಕೇಳಲಿಲ್ಲ. ಕೇಳಿದ್ರ ಅವತ್ತ ಹೇಳ್ತಿದ್ದೆ."

ಆಯಿ ಬೆರಳಿನ ಮಣಿಯನ್ನು ಉಗುರಿನಿಂದ ಕೆರೆದು ಹಾಕಿದಳು. ಎದ್ದು, ಒಳಗಿನಿಂದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದು ಆ ಹುಡುಗನ ಮುಂದೆ ಇಟ್ಟಳು. ಹೊರಗಿನವರಿಗೆ ಆ ಮನೆಯಲ್ಲಿ ಊಟ ಸಿಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಉಣ್ಣಪ್ಪಾ. ಉಂಡು ಹೋಗಿ, ತೊಗೊಂಡಾವ್ರಿಗೆ ಖರೇ ಹೇಳು. ಸಂಘದ ಹೆಸರ ಹೇಳೇ ಹೇಳು."

ಹುಡುಗ ಹೇಳಿದ. ಆ ಆರ್ಡರು ಹೋಯಿತು. ಒಂದು ಮಗ್ಗದ ಕುಣಿಗೆ ಮಣ್ಣು ಬಿತ್ತು. ತಮ್ಮನನ್ನು ಆಯಿ ಹೊರಗೆ ಹಾಕಲಿಲ್ಲ. ಅವನ ಕೈಯಲ್ಲೇ ಹೊಸ ಕೆಲಸ ಶುರು ಮಾಡಿಸಿದಳು. ಇನ್ನು ಮೇಲೆ ಪ್ರತಿ ಕಂಬಳಿಯ ಮೂಲೆಯಲ್ಲಿ ಹಾಸಿನ ಎಳೆ, ಅಡ್ಡ ಎಳೆ ಎರಡನ್ನೂ ಕತ್ತರಿಸದೆ ಜುಟ್ಟಿನಂತೆ ಬಿಡಬೇಕು. ಕೊಂಡವರು ಅದನ್ನು ಕಿತ್ತು ಸುಟ್ಟು ನೋಡಬೇಕು. ಹಿರಿಯ ಹೆಂಗಸರು ಇದು ಅಪಶಕುನ ಅಂತ ಜಗಳಕ್ಕೆ ಬಂದರು.

"ದೇವರಿಗೆ ಸಿಟ್ಟ ಬಂದ್ರ ನನ್ನ ಕೇಳಲಿ. ನಾನೂ ಅಂವಗ ಒಂದೆರಡ ಮಾತ ಕೇಳೂದೈತಿ" ಅಂದಳು ಆಯಿ.

ತಮಾಷೆ ಅಂದರೆ, ಆ ಹುಡುಗ ಹೊಸ ಕಂಬಳಿಗಳನ್ನು ಒಯ್ದಾಗ ನಗರದವರಿಗೆ ಆ ಜುಟ್ಟೇ ಹಿಡಿಸಿಬಿಟ್ಟಿತು. ಎಳೆ ಸುಟ್ಟು ವಿಡಿಯೋ ಹಾಕಿದರು. ಕಂಬಳಿ ಚುಚ್ಚುತ್ತದೆ, ವಾಸನೆ ಬರುತ್ತದೆ ಅಂದವರೂ ಕೇಳತೊಡಗಿದರು. ಒಬ್ಬಿಬ್ಬರು ದ್ರಾಕ್ಷಿ ಶೆಡ್ಡಿನಿಂದ ರಾಟಿಗೆ ಮರಳಿದರು. ನಾನು ಕುಣಿಯುತ್ತಾ ಆ ವಿಡಿಯೋಗಳನ್ನು ಆಯಿಗೆ ತೋರಿಸಿದೆ.

"ಎಲ್ಲಾರೂ ಚಲೋ ಅನ್ನಾಕತ್ಯಾರ? ಹಂಗಂದ್ರ ಎಲ್ಲೋ ಏನೋ ತಪ್ಪೈತಿ. ನೋಡಬೇಕು" ಅಂದಳು. ಅಂದಿನಿಂದ ವಾರಕ್ಕೊಮ್ಮೆ ತಮ್ಮನನ್ನು ಕಂಬಳಿಯ ಮೇಲೆ ಕೂಡಿಸಿ ಕೇಳುತ್ತಿದ್ದಳು. ಅವನು ಹೇಳಿದ ಮೇಲೆ ಜಾಗ ಬದಲು. ಆಯಿ ಕೂಡುತ್ತಿದ್ದಳು, ತಮ್ಮ ಕೇಳುತ್ತಿದ್ದ. ಹೆಂಗಸರು ಅದಕ್ಕೂ ನಗುತ್ತಿದ್ದರು.

ನನಗೂ ಒಂದು ಕಂಬಳಿ ಕೊಟ್ಟಳು, ಮೂಲೆಯಲ್ಲಿ ಜುಟ್ಟಿದ್ದದ್ದು. ಆಮೇಲೆ ಹೋದಾಗಲೆಲ್ಲ ಒಂದೇ ಪ್ರಶ್ನೆ.

"ಸುಟ್ಟ ನೋಡಿದೇನ?"

"ಇಲ್ರಿ ಆಯಿ. ನಿಮ್ಮ ಮ್ಯಾಲ ನಂಬಿಕಿ ಐತಿ."

"ಅದು ನಂಬಿಕಿ ಅಲ್ಲ, ಆಲಸ್ಯ. ನಾ ಸತ್ತ ಮ್ಯಾಲ ಮಿಲ್ಲಿಂದಿತ್ತು ಅಂತ ಗೊತ್ತಾದ್ರ ಯಾರನ್ನ ಬೈತಿ?"

ನಾನು ನಗುತ್ತಿದ್ದೆ. ಪ್ರೀತಿಯಿಂದ ಕೊಟ್ಟದ್ದಕ್ಕೆ ಬೆಂಕಿ ಹಿಡಿಯುವುದು ಹೇಗೆ? ಆಯಿಗೆ ಆ ನಗು ಎಂದೂ ಹಿಡಿಸಲಿಲ್ಲ.

ಹೋದ ಮಳೆಗಾಲದಲ್ಲಿ ಆಯಿ ಹೋದಳು. ಸುದ್ದಿ ಕೇಳಿ ಬಸ್ಸು ಹತ್ತಿದೆ. ತಮ್ಮ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಆಯಿಯ ಮೇಲೆ ಆಕೆಯೇ ನೂತ ನೂಲಿನ ಕಂಬಳಿ ಹೊದಿಸಿದ್ದರು. ಅದರ ಮೂಲೆಯಲ್ಲೂ ಜುಟ್ಟು ಬಿಟ್ಟಿತ್ತು. ತಮ್ಮ ನನ್ನನ್ನು ನೋಡಿ, "ಹೊದಸೂಕಿಂತ ಮದಲ ಒಂದ ಎಳಿ ಸುಟ್ಟೀನ್ಯವ್ವಾ. ಇಲ್ಲಂದ್ರ ಹೊತ್ತಗೊಳ್ತಿರಲಿಲ್ಲ ಆಕಿ" ಅಂದ.

ಮನೆಗೆ ಬಂದವಳೇ ನನ್ನ ಕಂಬಳಿ ತೆಗೆದೆ. ಜುಟ್ಟಿನಿಂದ ಒಂದು ಹಾಸಿನ ಎಳೆ, ಒಂದು ಅಡ್ಡ ಎಳೆ ಕಿತ್ತು ಗ್ಯಾಸಿನ ಒಲೆ ಹಚ್ಚಿದೆ. ಎರಡನ್ನೂ ಉರಿಗೆ ಹಿಡಿದೆ.

"ಕ್ಯಾ ಜಲ್ರಾ?" ಏನು ಸುಡುತ್ತಿದೆ ಅಂತ ಅಮ್ಮಿ ಒಳಗಿನಿಂದ ಕೂಗಿದಳು. ಯಾರದೋ ಕೂದಲು ಸುಟ್ಟಿತು ಅಂತ ಓಡಿ ಬಂದಳು. ನಾನು ಬೆರಳು ಉಜ್ಜಿ ನೋಡಿದೆ. ಎರಡೂ ಪುಡಿ.

ಆಯಿಗೆ ನಾನು ಕೊಟ್ಟ ಮೊದಲ ಮರ್ಯಾದೆ ಅದು. ಬದುಕಿದ್ದಾಗ ಕೇಳುತ್ತಿದ್ದದ್ದೂ ಅದನ್ನೇ.

ನಿಮ್ಮ ಊರಿನಲ್ಲೂ ಒಂದು ಸಂಘವಿರಬಹುದು. ಹೀಗೆ ಹೊರಗಿನವರನ್ನೆಲ್ಲ ಸುಟ್ಟು ನೋಡಿ, ಕೊನೆಗೆ ತನ್ನದೇ ಎಳೆಗೆ ಬೆಂಕಿ ಹಿಡಿದವರೊಬ್ಬರು ನಿಮಗೂ ಗೊತ್ತಿರಬಹುದು. ಅವರ ಬಗ್ಗೆ ಕೆಳಗೆ ಬರೆಯಿರಿ, ಒಂದನ್ನೂ ಬಿಡದೆ ಓದುತ್ತೇನೆ. ಓದಿದ ಕೂಡಲೇ ನಂಬುತ್ತೇನೆ ಅಂತ ಮಾತ್ರ ತಿಳಿಯಬೇಡಿ. ಒಂದು ಎಳೆ ಕೇಳುತ್ತೇನೆ.