ಪುಟ್ಟತಾಯಮ್ಮನ ಕೈಗೆ ಕೊಟ್ಟೆನೆಂದು ಬರೆದೆ

ಪುಟ್ಟತಾಯಮ್ಮ ಕಳ್ಳಿಯಲ್ಲ. ಅವರಿಗೆ ಆ ಹೆಸರು ಬರುವಂತೆ ಮಾಡಿದವನು ನಾನು — ಹಾಡಹಗಲಲ್ಲಿ, ಒಂದೇ ಒಂದು ಸುಳ್ಳಿನಿಂದ.

ಚಾಮರಾಜನಗರದಿಂದ ಉಡಿಗಾಲದ ಕಡೆಗೆ ಬೈಕಿನಲ್ಲಿ ಪಾರ್ಸೆಲ್ ಹಂಚುವುದು ನನ್ನ ಕೆಲಸ. ಮೂರು ವರ್ಷದ ಹಿಂದೆ ಅಲ್ಲಿನ ಸೌಮ್ಯಾ ಎಂಬ ಹುಡುಗಿಗೆ ಒಂದು ಸೀರೆ ಬಂದಿತ್ತು. ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿಯ ಮನೆಯೊಂದಿಗೆ ಸಂಬಂಧ ಕುದುರಿ, ಇನ್ನು ನಾಲ್ಕು ದಿನಕ್ಕೆ ನಿಶ್ಚಿತಾರ್ಥ. ಮನೆಗೆ ಬೀಗ. ಫೋನ್ ಮಾಡಿದರೆ, ಪಕ್ಕದ ಮನೆ ಪುಟ್ಟತಾಯಮ್ಮನ ಕೈಗೆ ಕೊಡಿ ಅಂದಳು. ಮಂಡಿನೋವಿನ ಆಕೆ ಸದಾ ಮನೆಯಲ್ಲೇ. ಹೊಲಕ್ಕೆ ಹೋಗುವವರೆಲ್ಲ ಬೀಗದ ಕೈ ಕೊಡುತ್ತಿದ್ದದ್ದು ಅವರಿಗೇ. ಎರಡು ಸಲ ಕೂಗಿದೆ. ಹಿತ್ತಲಲ್ಲಿದ್ದರೇನೋ — ನಾನು ಕಾಯಲಿಲ್ಲ. ಸೌಮ್ಯಾಳ ಜಗಲಿಯ ಮೇಲಿದ್ದ ಗೋಣಿಚೀಲದಡಿ ಪೊಟ್ಟಣ ಸೇರಿಸಿ, 'ಪಕ್ಕದ ಮನೆಯ ಪುಟ್ಟತಾಯಮ್ಮನಿಗೆ ಕೊಟ್ಟಿದೆ' ಎಂದು ಫೋನಿನಲ್ಲಿ ಬರೆದು ಹೊರಟುಬಿಟ್ಟೆ.

ಸಂಜೆಗೆ ಅದು ಅಲ್ಲಿರಲಿಲ್ಲ. ಯಾರು ಒಯ್ದರೋ, ಇವತ್ತಿಗೂ ಗೊತ್ತಿಲ್ಲ. ಮರುದಿನ ಸೌಮ್ಯಾಳ ತಾಯಿ, ಪುಟ್ಟತಾಯಮ್ಮನ ಎದುರಿಗೇ ನನ್ನನ್ನು ನಿಲ್ಲಿಸಿ ಕೇಳಿದರು. ಕೆಲಸ ಹೋಗುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

"ಕೊಟ್ಟಿದೀನಿ ಕಣಮ್ಮ. ಇವರ ಕೈಗೇ ಕೊಟ್ಟಿದೀನಿ."

ಪುಟ್ಟತಾಯಮ್ಮ ನನ್ನ ಮುಖವನ್ನೇ ನೋಡಿದರು. ಊರು ನಂಬಿದ್ದು ನನ್ನ ಮಾತನ್ನು.

ನಿಶ್ಚಿತಾರ್ಥ ಬೇರೆ ಸೀರೆಯಲ್ಲಿ ನಡೆಯಿತು. ಆದರೆ ಪುಟ್ಟತಾಯಮ್ಮನ ಮನೆಗೆ ಯಾರೂ ಬೀಗದ ಕೈ ಕೊಡದಾದರು. ಎರಡು ವರ್ಷ ಅದೇ ಬೀದಿಯಲ್ಲಿ ತಲೆ ತಗ್ಗಿಸಿ ಓಡಾಡಿದೆ. ಕಡೆಗೊಂದು ಮಧ್ಯಾಹ್ನ ಇನ್ನೊಂದು ಮನೆಗೆ ಬೀಗ. ಫೋನ್ ಮಾಡಿದೆ, ಸ್ಪೀಕರ್ ಹಾಕಿತ್ತು. ಎಲ್ಲಾದರೂ ಇಡಿ, ಪುಟ್ಟತಾಯಮ್ಮನಿಗೆ ಮಾತ್ರ ಕೊಡಬೇಡಿ ಅಂದರು ಆ ಮನೆಯವರು. ಪುಟ್ಟತಾಯಮ್ಮ ಅಲ್ಲೇ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ಮೊರ ಒಂದು ಗಳಿಗೆ ನಿಂತಿತು. ಮತ್ತೆ ಕೇರತೊಡಗಿದರು.

ಅವರ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ, ಬಯ್ಯಲಿಲ್ಲ.

"ನನ್ನ ಕಿವೀಲಿ ಯಾಕಪ್ಪ ಏಳೀಯೆ? ನಿನ್ನ ಸುಳ್ಳ ಊರೇ ಕೇಳ್ಯದೆ. ನಾಳೆ ಬೆಳಿಗ್ಗೆ ಡೇರಿ ತಾವ್ಕ ಬಾ. ನಿಜಾನೂ ಊರೇ ಕೇಳ್ಲಿ."

ಹೋದೆ. ಹಾಲಿನ ಕ್ಯಾನು ಹಿಡಿದು ನಿಂತವರ ಮುಂದೆ ಒಂದನ್ನೂ ಬಿಡದೆ ಹೇಳಿದೆ. ಯಾರೋ ಕೊರಳಪಟ್ಟಿ ಹಿಡಿದರು. "ಬುಡು ಅವನ್ನ," ಅಂದರು ಪುಟ್ಟತಾಯಮ್ಮ — ಕೋಲೂರಿ, ಎದೆ ಎತ್ತಿ ನಿಂತು. ಸೌಮ್ಯಾಳ ತಾಯಿ ಅವರ ಎರಡೂ ಕೈ ಹಿಡಿದು ಅತ್ತರು. ಆಫೀಸಿಗೂ ಬರೆದುಕೊಟ್ಟೆ, ಒಂದು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕೂರಿಸಿದರು.

ಈಗ ಆ ಬೀದಿಯಲ್ಲಿ ಯಾರು ಮನೆಯಲ್ಲಿಲ್ಲದಿದ್ದರೂ ಪಾರ್ಸೆಲ್ ಪುಟ್ಟತಾಯಮ್ಮನಲ್ಲಿಗೆ. ಮದುವೆಯಾಗಿ ಗುಂಡ್ಲುಪೇಟೆಯಲ್ಲಿರುವ ಸೌಮ್ಯಾ ಕೂಡ ತಾಯಿಗೆ ಕಳಿಸುವುದನ್ನು ಅವರ ಹೆಸರಿಗೇ ಕಳಿಸುತ್ತಾಳೆ. ಗೆದ್ದವರು ಅವರು. ಆ ಎರಡು ವರ್ಷವನ್ನು ಮಾತ್ರ ನಾನು ಮರಳಿ ಕೊಡಲಾರೆ. ಕ್ಷಮಿಸಿದೆ ಎಂದು ಅವರು ಅಂದಿಲ್ಲ. ನಾನು ಕೇಳಿಯೂ ಇಲ್ಲ.

ಪೊಟ್ಟಣ ಮುಟ್ಟುವ ಮೊದಲು ಅವರು ಒಂದು ನೋಟ್‌ಬುಕ್ ಮುಂದೆ ಚಾಚುತ್ತಾರೆ. ಊರೆಲ್ಲ ತಿರುಗಿ ರುಜು ಹಾಕಿಸಿಕೊಳ್ಳುವ ನಾನು, ಅಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ ಬರೆದು ರುಜು ಹಾಕುತ್ತೇನೆ.