ಯೋಧರನ್ನು ತಿದ್ದುವ ಗಂಗಾಧರಯ್ಯ

ಹಾಸನದ ಥಿಯೇಟರಿಗೆ ಯುದ್ಧದ ಸಿನಿಮಾ ಬಂದರೆ ಬಾಗೂರಿನ ತೆಂಗಿನಕಾಯಿ ವ್ಯಾಪಾರಿ ಗಂಗಾಧರಯ್ಯನವರು ಮೊದಲ ಆಟಕ್ಕೇ ಹಾಜರು. ತೆರೆಯ ಮೇಲೆ ಗುಂಡು ಹಾರಿದರೆ ಇವರ ಗುಂಡಿಗೆ ಹಾರುತ್ತದೆ. ಬಾಂಬು ಬಿದ್ದರೆ ಪಕ್ಕದವರ ಪಾಪ್‌ಕಾರ್ನನ್ನು ಎದೆಗವಚಿಕೊಂಡು ಬಗ್ಗುತ್ತಾರೆ. ಯೋಧನೊಬ್ಬ ತಾಯಿಗೆ ‘ಹೋಗ್ತೀನಮ್ಮ’ ಎಂದನೋ, ಎದ್ದು ನಿಂತು ಅರಚುತ್ತಾರೆ: “ಓಗ್ಬತ್ತೀನಿ ಅನ್ಲಾ! ಒಸ್ಲು ದಾಟೋವಾಗ ಬರೀ ಓಯ್ತೀನಿ ಅಂತಾರೇನ್ಲಾ?” “ಅವ್ನು ಸಾಯೋಕೇ ಸಂಬ್ಳ ಇಸ್ಕಂಡವ್ನೆ, ಕೂತ್ಕಳಿ ಸಾ” ಎಂದು ಹಿಂದಿನ ಸಾಲು ನಗುತ್ತದೆ. ಮೊನ್ನೆ ಇಂಟರ್ವಲ್‌ನಲ್ಲಿ ಕಾಫಿ ಕುಡಿಯದೆ ಫೋನನ್ನೇ ನೋಡುತ್ತಿದ್ದ ಗಂಗಾಧರಯ್ಯನವರನ್ನು, ಪಕ್ಕದ ಸೀಟಿನಲ್ಲಿದ್ದ ನಾನು ಏನಾಯಿತೆಂದು ಕೇಳಿದೆ. “ಮಗ್ಳು ಪ್ರತಿಭಾ ಮಿಲಿಟರೀಲವ್ಳೆ ಸಾ. ಸೋಮ್ವಾರ ಫೋನ್ ಮಾಡಿ ‘ಗಡಿಗೆ ಓಯ್ತಿದೀನಿ ಅಪ್ಪಾಜಿ’ ಅಂದ್ಲು. ‘ಬತ್ತೀನಿ’ ಅನ್ನೋಕ್ ಮುಂಚೇನೇ ಲೈನ್ ಕಟ್ಟಾಯ್ತು. ಆಮೇಲೆ ಸಿಕ್ಕೇ ಇಲ್ಲ.” ಸಿನಿಮಾ ಮತ್ತೆ ಶುರುವಾಗಿ ಇನ್ನೊಬ್ಬ ಯೋಧ ‘ಹೋಗ್ತೀನಿ’ ಎಂದಾಗ ಗಂಗಾಧರಯ್ಯನವರು ಏಳಲಿಲ್ಲ, ಸದ್ದಿಲ್ಲದ ಫೋನನ್ನು ಬಾಯ ಹತ್ತಿರ ಹಿಡಿದು ಮೆಲ್ಲಗೆ, “ಬತ್ತೀನಿ ಅನ್ನವ್ವ” ಎಂದರು.